ಬೀದಿಯ ನಾಯಿಮರಿಯೊಂದರ ಶುಶ್ರೂಷೆ

ಮಳೆಗಾಲ ಹಿಂದಾಗಿ ಚಳಿಯು ತಲೆದೋರುವ ದಿನಗಳಲ್ಲಿ ನಮ್ಮ ಊರುಗಳ ಬೀದಿಗಳಲ್ಲಿ ನಾಯಿಮರಿಗಳು ಕಾಣಿಸಿಕೊಳ್ಳುವುದು ಎಲ್ಲರೂ ಬಲ್ಲ ಸಂಗತಿ. ತಾಯಿನಾಯಿಯು ಸುಮಾರು 63 ದಿನಗಳ ಗರ್ಭವನ್ನು ಹೊತ್ತು, ಒಣಗಿದ ಮೋರಿಯೊಳಗೋ, ಕಟ್ಟುತ್ತಿರುವ ಮನೆಯ ಮರಳುರಾಶಿಯ ಮರೆಯಲ್ಲೋ ಈಯುತ್ತದೆ. ಎರಡು ವಾರಗಳ ಹೊತ್ತಿಗೆ ಮರಿಗಳು ಕಣ್ಣು ಬಿಡುತ್ತವೆ. ತಿಂಗಳು ತುಂಬಿದ ಮೇಲೆ ಅವಕ್ಕೆ ಆ ಗೂಡು ಸಾಲದು, ಬೀದಿಗೆ ಬರುತ್ತವೆ. ಅವುಗಳ ಕಷ್ಟಕಾಲವು ಆರಂಭವಾಗುವುದು ಅಲ್ಲಿಂದಲೇ. ತಾಯಿಯು ಕೂಳನ್ನು ಹುಡುಕಿಕೊಂಡು ಹೋದಾಗ ಮರಿಗಳಿಗೆ ಬೇಕಾದದ್ದು ಬಿಸುಪು. ಆಗತಾನೆ ಬಂದು ನಿಂತ ಮೋಟಾರು ಗಾಡಿಯ ಅಡಿಯಷ್ಟು ಬೆಚ್ಚನೆಯ ಸ್ಥಳವು ಬೀದಿಯಲ್ಲಿ ಮತ್ತೊಂದಿಲ್ಲ. ಒಂದರ ಮೇಲೊಂದು ಬಿದ್ದುಕೊಂಡು ಅಲ್ಲಿಯೇ ನಿದ್ದೆಹೋಗುತ್ತವೆ. ಗಾಡಿಯು ಮತ್ತೆ ಹೊರಡುವಾಗ ಎಲ್ಲವೂ ಎದ್ದು ಓಡುವುದಿಲ್ಲ.

ಮೈಸೂರಿನ ಒಂಟಿಕೊಪ್ಪಲಿನ ನಮ್ಮ ಬೀದಿಯಲ್ಲಿ 2023ರ ಡಿಸೆಂಬರ್ ತಿಂಗಳಿನ ಒಂದು ಬೆಳಿಗ್ಗೆ ಹೀಗೆಯೇ ಆಯಿತು. ಚಾಲಕನನ್ನು ದೂರಿ ಫಲವಿಲ್ಲ. ಹಿಂಚಕ್ರದ ಮಗ್ಗುಲಲ್ಲಿ ಮಲಗಿದ್ದ ಹಿಡಿಯಷ್ಟು ಕರಿಯ ಮರಿಯು ಅವನ ಕಣ್ಣಿಗೆ ಬೀಳುವಂತಿರಲಿಲ್ಲ. ಮೊದಲು ಕಂಡವಳು ನಮ್ಮ ಮನೆಗೆ ಹೂವು ತರುವಾಕೆ. “ಅಮ್ಮಾವ್ರೇ, ಮರಿ ಸತ್ತಿಲ್ಲ, ಹಿಂದ್ಗಡೆ ಎಳ್ಕೊಂಡು ಬರ್ತಾ ಐತೆ” ಎಂದು ಬಾಗಿಲಲ್ಲಿ ನಿಂತು ಕೂಗಿದಳು. ಮುಂಗಾಲುಗಳೆರಡರಿಂದ ನೆಲವನ್ನು ತೋಡುತ್ತ, ಹಿಂಗಾಲುಗಳನ್ನು ಒದ್ದೆ ಬಟ್ಟೆಯಂತೆ ಎಳೆದುಕೊಂಡು ಅದು ಚರಂಡಿಯ ಕಡೆಗೆ ಸಾಗುತ್ತಿತ್ತು. ವಯಸ್ಸು ಎರಡು ತಿಂಗಳು ಇದ್ದೀತು.

ಇಂಥ ಸಮಯದಲ್ಲಿ ಕನಿಕರವುಳ್ಳವರು ಥಟ್ಟನೆ ಎರಡು ಕೈಗಳಿಂದ ಮರಿಯನ್ನು ಬಾಚಿ ಎತ್ತಿಕೊಳ್ಳುತ್ತಾರೆ. ಬೆನ್ನುಹುರಿಗೆ ಪೆಟ್ಟು ಬಿದ್ದಿರುವ ಪ್ರಾಣಿಗೆ ಇದಕ್ಕಿಂತ ಕೇಡು ಬೇರೊಂದಿಲ್ಲ. ಬೆನ್ನೆಲುಬು ಬಿರುಕುಬಿಟ್ಟಿದ್ದರೆ ಎತ್ತುವಾಗಿನ ಬಾಗುವಿಕೆಯಿಂದಲೇ ಒಳಗಿನ ಹುರಿಯು ತುಂಡಾಗಬಹುದು. ನನ್ನ ಪತ್ನಿಯು ದಾದಿಯ ಕೆಲಸ ಮಾಡಿ ನಿವೃತ್ತಳಾದವಳು; ಅವಳು ಒಳಗಿನಿಂದ ಒಂದು ಹಳೆಯ ಮೊರವನ್ನು ತಂದು, ಮರಿಯನ್ನು ನೆಲದಿಂದ ಎತ್ತದೆ ಅದರ ಮೇಲಕ್ಕೆ ಮೆಲ್ಲನೆ ಸರಿಸಿ, ಮೇಲೊಂದು ಟವಲು ಹೊದಿಸಿ ಕಟ್ಟಿದಳು. ಮಣೆ, ಹಲಗೆ, ಗಟ್ಟಿಯಾದ ರಟ್ಟು, ಚಪ್ಪಟೆಯಾದುದು ಯಾವುದಾದರೂ ಆದೀತು. ನೋವಿನಲ್ಲಿರುವ ನಾಯಿಯು ಸಾಧುವಾದರೂ ಕಚ್ಚುತ್ತದೆ. ಆದುದರಿಂದ ತಲೆಯ ಮೇಲೊಂದು ಬಟ್ಟೆ ಇರಲಿ. ಹಲ್ಲು ತಗುಲಿದರೂ, ಉಗುರಿನಿಂದ ಗೀಚಿ ರಕ್ತ ಬಂದರೂ, ಆ ಜಾಗವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ ಹುಚ್ಚುನಾಯಿ ರೋಗದ ಲಸಿಕೆಯನ್ನು ತೆಗೆದುಕೊಳ್ಳತಕ್ಕದ್ದು. ಮರಿಯಲ್ಲವೇ ಎಂಬ ಉದಾಸೀನ ಸಲ್ಲದು. ಮರಿಗಳಿಗೂ ಆ ರೋಗ ತಗುಲುವುದುಂಟು. 1885ರಲ್ಲಿ ಪಾಸ್ಟರ್ ಮಹಾಶಯನು ಲಸಿಕೆಯನ್ನು ಕಂಡುಹಿಡಿದು ಎಷ್ಟೋ ಕಾಲವಾದರೂ, ರೋಗದ ಚಿಹ್ನೆಗಳು ಒಮ್ಮೆ ತೋರಿದ ಮೇಲೆ ಬದುಕುವವರು ಇಲ್ಲವೆಂದೇ ಹೇಳಬೇಕು. ಇನ್ನೊಂದು ಮಾತು: ನಾವು ನುಂಗುವ ನೋವಿನ ಮಾತ್ರೆಗಳನ್ನು ನಾಯಿಗೆ ಕೊಡಲೇಬಾರದು. ಐಬುಪ್ರೊಫೇನ್ ಮೊದಲಾದವು ಅದರ ಹೊಟ್ಟೆಯನ್ನೂ ಮೂತ್ರಪಿಂಡಗಳನ್ನೂ ಕೆಡಿಸುತ್ತವೆ.

ಪಶುವೈದ್ಯರು ಮರಿಯನ್ನು ಪರೀಕ್ಷಿಸಿದ ಬಗೆಯನ್ನು ವಿವರವಾಗಿ ಹೇಳುವೆನು, ಏಕೆಂದರೆ ಮುಂದಿನ ಕಥೆಯೆಲ್ಲವೂ ಅದರ ಮೇಲೆ ನಿಂತಿದೆ. ಅವರು ಹಿಂಗಾಲಿನ ಬೆರಳೊಂದನ್ನು ಚಿಮುಟದಿಂದ ಬಲವಾಗಿ ಒತ್ತಿದರು. ಕಾಲು ಚಟ್ಟನೆ ಮಡಿಸಿಕೊಂಡಿತು. ನಮಗೆ ಹರ್ಷವಾಯಿತು. ವೈದ್ಯರು ತಲೆಯಾಡಿಸಿ, “ಇದಕ್ಕೆ ಸಂತೋಷಪಡಬೇಡಿ ರಾಯರೇ. ಕಾಲು ಮಡಿಸುವುದು ಬೆನ್ನುಹುರಿಯ ಕೆಳಗಣ ತುಂಡಿನ ಕೆಲಸ. ಅದಕ್ಕೆ ಮಿದುಳು ಬೇಕಿಲ್ಲ. ಮರಿ ತಲೆ ತಿರುಗಿಸಿ ನೋಡುತ್ತದೆಯೋ, ಕೂಗುತ್ತದೆಯೋ, ಅದನ್ನು ನೋಡಿ” ಎಂದರು. ಬಲಗಾಲನ್ನು ಒತ್ತಿದಾಗ ಮರಿಯು ಸುಮ್ಮನೆ ಮುಂದಕ್ಕೆ ನೋಡುತ್ತಿತ್ತು. ಎಡಗಾಲಿನಲ್ಲಿ, ಎರಡನೆಯ ಸಲ ಒತ್ತಿದಾಗ, ಕಿವಿಗಳು ಹಿಂದಕ್ಕೆ ಸರಿದು ಸಣ್ಣದೊಂದು ಕುಂಯ್ ಎಂಬ ಸದ್ದು ಬಂತು. ಇಷ್ಟೇ ನಮಗಿದ್ದ ಬಂಡವಾಳ. ಕ್ಷ-ಕಿರಣದ ಚಿತ್ರದಲ್ಲಿ ಬೆನ್ನೆಲುಬು ಸ್ಥಾನ ತಪ್ಪಿರಲಿಲ್ಲ, ಹುರಿಯು ಜಜ್ಜಿಹೋಗಿತ್ತು. ಆಳವಾದ ನೋವು ಮಿದುಳಿಗೆ ಮುಟ್ಟುತ್ತಿದ್ದರೆ ಪ್ರಾಣಿಯು ಮತ್ತೆ ನಡೆಯುವ ಆಸೆ ಬಹಳ ಉಂಟು, ಅದೂ ಇಲ್ಲವಾದರೆ ಆಸೆ ತೀರ ಕಡಮೆ, ಎಂಬುದು ಪಶುವೈದ್ಯರ ಅನುಭವ. ನಮ್ಮ ಮರಿಯು ಎರಡರ ನಡುವೆ ಇತ್ತು.

ನಾಲ್ಕು ವಾರಗಳ ಕಾಲ ಅದು ಪೆಟ್ಟಿಗೆಯಲ್ಲಿಯೇ ಇರಬೇಕೆಂದು ಅಪ್ಪಣೆಯಾಯಿತು. ಇಲ್ಲಿ ಗೃಹಕೃತ್ಯದ ಪ್ರಶ್ನೆ ಎದ್ದಿತು. ನಮ್ಮ ತಾಯಿಯವರಿಗೆ ಎಂಬತ್ತೊಂದು ವರ್ಷ, ಮಡಿಯವರು. “ನಾಯಿ ಹಿತ್ತಲಲ್ಲಿರಲಿ. ನಡುಮನೆಗೆ ತಂದರೆ ನಾನು ನನ್ನ ತಮ್ಮನ ಮನೆಗೆ ಹೊರಟೆ, ನೋಡು” ಎಂದು ನನ್ನೊಡನೆ ಖಂಡಿತವಾಗಿ ಹೇಳಿದರು. ಇದನ್ನು ನಾನು ತಪ್ಪೆನ್ನಲಾರೆ. ಮೂರೇ ಕೋಣೆಯ ಮನೆಯಲ್ಲಿ ಮಲಮೂತ್ರದ ಮೇಲೆ ಸ್ವಾಧೀನವಿಲ್ಲದ ಪ್ರಾಣಿಯನ್ನು ಸಾಕುವುದೆಂದರೆ ಮನೆಯವರೆಲ್ಲರ ಮೇಲೂ ಭಾರ ಹೊರಿಸಿದಂತೆಯೇ. ಒಬ್ಬರ ಕರುಣೆಗೆ ಮತ್ತೊಬ್ಬರು ದಂಡ ತೆರಬಾರದು. ಹಿತ್ತಲಿನ ಸೌದೆಯ ಕೊಟ್ಟಿಗೆಯನ್ನು ಗುಡಿಸಿ, ಹಣ್ಣಿನ ಅಂಗಡಿಯಿಂದ ತಂದ ಮರದ ಪೆಟ್ಟಿಗೆಯೊಂದನ್ನು ಅಲ್ಲಿರಿಸಿದೆವು. ಚಳಿಗೆ ಬಿಸಿನೀರಿನ ಸೀಸೆಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಟ್ಟೆವು. ತಣ್ಣಗಾಗಿರುವ ಎಳೆಯ ಮರಿಗೆ ಮೊದಲು ಬಿಸುಪು, ಆಮೇಲೆ ಆಹಾರ. ಮೈ ತಣ್ಣಗಿರುವಾಗ ಕೊಟ್ಟದ್ದು ಜೀರ್ಣವಾಗುವುದಿಲ್ಲ.

ಇಂಥ ಮರಿಯ ಶುಶ್ರೂಷೆಯಲ್ಲಿ ಕಾಲಿಗಿಂತ ಮೊದಲು ಗಮನಿಸಬೇಕಾದದ್ದು ಮೂತ್ರಕೋಶ. ನೋಡುವವರ ದೃಷ್ಟಿಯೆಲ್ಲ ಕಾಲಿನ ಮೇಲಿರುತ್ತದೆ, ಮರಿಯು ಸಾಯುವುದು ಮಾತ್ರ ಮೂತ್ರದ ದೋಷದಿಂದ. ಸೊಂಟದ ಕೆಳಗೆ ಸ್ಪರ್ಶವಿಲ್ಲದ ಪ್ರಾಣಿಗೆ ಮೂತ್ರಕೋಶ ತುಂಬಿದ್ದು ತಿಳಿಯುವುದಿಲ್ಲ. ತುಂಬಿ ತುಳುಕಿ ಹನಿಹನಿಯಾಗಿ ಸೋರುವುದನ್ನು ಕಂಡು ‘ತಾನಾಗಿಯೇ ಹೊಯ್ಯುತ್ತಿದೆ’ ಎಂದುಕೊಳ್ಳುವವರು ಬಹಳ. ಒಳಗೆ ನಿಂತ ಮೂತ್ರವು ಕೊಳೆತು ಮೂತ್ರಪಿಂಡಗಳಿಗೆ ಹಾನಿ ಮಾಡುತ್ತದೆ. ಆದುದರಿಂದ ದಿನಕ್ಕೆ ನಾಲ್ಕು ಬಾರಿ ಕೈಯಿಂದಲೇ ಅದನ್ನು ಬರಿದುಮಾಡಬೇಕು. ಹಿಂಗಾಲುಗಳ ಮುಂದೆ, ಹೊಟ್ಟೆಯ ಎರಡು ಮಗ್ಗುಲುಗಳಿಗೂ ಅಂಗೈಯಿಟ್ಟರೆ ನೀರು ತುಂಬಿದ ಸಣ್ಣ ಚೀಲದಂತೆ, ನಿಂಬೆಯ ಗಾತ್ರದಲ್ಲಿ, ಅದು ಸಿಕ್ಕುತ್ತದೆ. ಬಾಲದ ಕಡೆಗೆ ಮೆಲ್ಲಮೆಲ್ಲನೆ ಒತ್ತಬೇಕು. ಬರೆದದ್ದನ್ನು ಓದಿ ಇದನ್ನು ಮಾಡತಕ್ಕದ್ದಲ್ಲ. ವೈದ್ಯರ ಕೈಯ ಮೇಲೆ ಕೈಯಿಟ್ಟು ಕಲಿಯಬೇಕು. ನನ್ನ ಪತ್ನಿಯು ಮೂರು ದಿನಗಳಲ್ಲಿ ಕಲಿತಳು. ನನ್ನ ಮಗನಿಗೆ ಎರಡು ವಾರ ಹಿಡಿಯಿತು. ಮೂತ್ರವು ಕದಡಿದಂತಿದ್ದರೆ, ದುರ್ವಾಸನೆಯಿದ್ದರೆ, ಕೆಂಪಾಗಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ನಮ್ಮ ಮರಿಗೆ ಮೊದಲ ತಿಂಗಳಲ್ಲೇ ಒಮ್ಮೆ ಹೀಗಾಗಿ, ಹತ್ತು ದಿನ ಔಷಧಿ ಕೊಡಬೇಕಾಯಿತು.

ಎರಡನೆಯದು ಹಾಸಿಗೆಯ ಹುಣ್ಣು. ಇಲ್ಲಿ ಒಂದು ಸೋಜಿಗ ನಡೆಯಿತು. ಎಂಟನೆಯ ದಿನವೋ ಏನೋ, ನಮ್ಮ ತಾಯಿಯವರು ಹಿತ್ತಲಿನಲ್ಲಿ ತುಳಸಿಗೆ ನೀರೆರೆದು ಬರುತ್ತ, ಕೊಟ್ಟಿಗೆಯ ಬಾಗಿಲಲ್ಲಿ ನಿಂತು ನೋಡಿ, “ಬಲಗಡೆ ಸೊಂಟದ ಎಲುಬಿನ ಮೇಲೆ ಕೆಂಪು ಬಂದಿದೆ. ನಾಳೆ ಅಲ್ಲಿ ಚರ್ಮ ಕಿತ್ತು ಬರುತ್ತೆ” ಎಂದರು. ನಾವು ಯಾರೂ ಅದನ್ನು ಕಂಡಿರಲಿಲ್ಲ. ನಮ್ಮ ತಂದೆಯವರು ಲಕ್ವ ಹೊಡೆದು ಮೂರು ವರ್ಷ ಹಾಸಿಗೆಯಲ್ಲಿದ್ದರು; ಆ ಮೂರು ವರ್ಷವೂ ಅವರನ್ನು ಮಗ್ಗುಲು ತಿರುಗಿಸಿ, ಒರೆಸಿ, ಹುಣ್ಣಾಗದಂತೆ ಕಾಪಾಡಿದವರು ಇವರೇ. ಆ ಕಣ್ಣಿಗೆ ನಾಯಿಯ ಚರ್ಮವೂ ಮನುಷ್ಯನ ಚರ್ಮವೂ ಒಂದೇ. “ಹಗಲು ಎರಡು ಗಂಟೆಗೊಂದು ಸಲ ಮಗ್ಗುಲು ಬದಲಾಯಿಸಬೇಕು, ತಿಳೀತೇನಮ್ಮ?” ಎಂದು ಸೊಸೆಗೆ ಹೇಳಿದರು. “ಆಗಲಿ ಅತ್ತೆ, ಹಾಗೇ ಮಾಡ್ತೀನಿ” ಎಂದಳು ಇವಳು. ಸಂಜೆ ತಾಯಿಯವರ ಎರಡು ಹಳೆಯ ನೂಲಿನ ಸೀರೆಗಳು ಮಡಿಕೆಯಾಗಿ ಕೊಟ್ಟಿಗೆಯ ಮೆಟ್ಟಿಲ ಮೇಲೆ ಬಂದಿದ್ದವು. ಕೈಯಿಂದ ಕೊಡಲಿಲ್ಲ; ಮಡಿ ಕೆಡಿಸಿಕೊಂಡವರೂ ಅಲ್ಲ. ಆ ದಿನದಿಂದ ಮೇಲ್ವಿಚಾರಣೆ ಅವರದಾಯಿತು. ಮೂತ್ರ ಸೋಕಿದ ಚರ್ಮವನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಪೂರ್ತಿ ಒರೆಸಿ ಒಣಗಿಸುವುದೇ ಮುಖ್ಯ. ಒದ್ದೆಯಿರುವಲ್ಲಿ ಪುಡಿ ಬಳಿದರೆ ಕೆಡುಕೇ ಹೆಚ್ಚು.

ಆಹಾರದ ವಿಷಯದಲ್ಲಿ ನಮ್ಮಂಥ ಸಸ್ಯಾಹಾರಿಗಳ ಮನೆಯಲ್ಲಿ ಇಕ್ಕಟ್ಟುಂಟು. ಬೀದಿಯ ಮರಿಗಳಿಗೆ ಜನರು ದಯೆಯಿಂದ ಇಕ್ಕುವುದು ಬರಿಯ ಅನ್ನ, ನೀರುಹಾಲು. ನಾಯಿಯು ಅನ್ನವನ್ನು ಅರಗಿಸಿಕೊಳ್ಳಲಾರದು ಎಂಬುದು ಸುಳ್ಳು. ಮನುಷ್ಯನ ಜೊತೆಯಲ್ಲಿ ಬಾಳಿ ಬಾಳಿ ಅದಕ್ಕೆ ಪಿಷ್ಟವನ್ನು ಜೀರ್ಣಿಸುವ ಶಕ್ತಿಯು ತೋಳಕ್ಕಿಂತ ಬಹಳ ಹೆಚ್ಚಾಗಿದೆಯೆಂದು 2013ರಲ್ಲಿ ಸ್ವೀಡನ್ ದೇಶದ ವಿಜ್ಞಾನಿಗಳು ತೋರಿಸಿಕೊಟ್ಟರು. ಆದರೆ ಬೆಳೆಯುವ ಮರಿಗೆ ಅನ್ನ ಮಾತ್ರ ಸಾಲದು. ಸುಣ್ಣದ ಅಂಶ ಕಡಮೆಯಾಗಿ ಎಲುಬುಗಳು ಮೆತ್ತಗಾಗುತ್ತವೆ, ಮುಂಗಾಲುಗಳು ಬಿಲ್ಲಿನಂತೆ ಬಾಗುತ್ತವೆ. ನಮ್ಮ ಮರಿಗೋ ಮುಂಗಾಲೇ ಸರ್ವಸ್ವ. ಮೊಸರನ್ನ, ರಾಗಿಯ ಅಂಬಲಿ ಮನೆಯದು. ಮೊಟ್ಟೆಯನ್ನು ನನ್ನ ಮಗನು ಹಿತ್ತಲಿನಲ್ಲಿಯೇ ಬೇರೆ ಪಾತ್ರೆಯಲ್ಲಿ ಬೇಯಿಸಿ ಕೊಡುವುದೆಂದು ಒಪ್ಪಂದವಾಯಿತು. ಆ ಪಾತ್ರೆ ಇಂದಿಗೂ ಒಳಗೆ ಬಂದಿಲ್ಲ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟು ಇವು ನಾಯಿಗೆ ವಿಷವೆಂಬುದನ್ನು ಮಕ್ಕಳಿರುವ ಮನೆಯವರು ನೆನಪಿಡಬೇಕು.

ಎರಡನೆಯ ವಾರದಿಂದ, ವೈದ್ಯರ ಅನುಮತಿಯ ಮೇಲೆ, ಮಲಗಿದ್ದಂತೆಯೇ ಕಾಲಿನ ಒಂದೊಂದು ಕೀಲನ್ನೂ ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ಹತ್ತು ಹದಿನೈದು ಸಲ ಮಡಿಸಿ ಬಿಡಿಸುತ್ತಿದ್ದೆವು. ಹೀಗೆ ಮಾಡದಿದ್ದರೆ ಸ್ನಾಯುಗಳು ಕುಗ್ಗಿ ಕೀಲು ಬಿಗಿದುಹೋಗುತ್ತದೆ. ಆಮೇಲೆ ಹುರಿಯು ಸರಿಹೋದರೂ ಕಾಲು ಬಾರದು. ಮೂರು ವಾರ ಕಳೆಯಿತು. ಯಾವ ಬದಲಾವಣೆಯೂ ಇಲ್ಲ. ಮರಿಯು ತಿನ್ನುತ್ತಿತ್ತು, ದಪ್ಪವಾಗುತ್ತಿತ್ತು. ಹಿಂಭಾಗವು ಮಾತ್ರ ಬೇರೆಯವರದೆಂಬಂತೆ ಬಿದ್ದಿರುತ್ತಿತ್ತು.

ನಾಲ್ಕನೆಯ ವಾರ ವೈದ್ಯರು ಮನಸ್ಸು ಬಿಚ್ಚಿ ಮಾತನಾಡಿದರು. ಹೀಗೆಯೇ ಉಳಿದರೆ ಜೀವವಿರುವ ತನಕ, ಹತ್ತು ಹನ್ನೆರಡು ವರ್ಷ, ದಿನಕ್ಕೆ ನಾಲ್ಕು ಬಾರಿ ಮೂತ್ರ ತೆಗೆಯಬೇಕು, ನೀವು ಮಾಡಬಲ್ಲಿರಾ? ಮಾಡಲಾರಿರಾದರೆ ನೋವಿಲ್ಲದ ಮರಣವನ್ನು ಕೊಡಿಸುವುದು ಪಾಪವಲ್ಲ, ಎಂದರು. ಇದನ್ನು ಕ್ರೌರ್ಯವೆಂದು ಭಾವಿಸುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಬೆನ್ನು ಮುರಿದು, ಯಾವ ಔಷಧಿಗೂ ಇಳಿಯದ ನೋವಿನಲ್ಲಿರುವ ಪ್ರಾಣಿಯನ್ನು ‘ನಾವು ಕೊಲ್ಲುವವರಲ್ಲ’ ಎಂದು ವಾರಗಟ್ಟಲೆ ನರಳಬಿಡುವುದು ಅಹಿಂಸೆಯ ಹೆಸರಿನ ಹಿಂಸೆ. ಆದರೆ ನಮ್ಮ ಮುಂದಿದ್ದ ಪ್ರಶ್ನೆ ಅದಲ್ಲ. ಮರಿಗೆ ನೋವಿರಲಿಲ್ಲ, ಕಷ್ಟವಿದ್ದದ್ದು ನಮಗೆ. ನನ್ನ ವಯಸ್ಸು ಅರುವತ್ತನಾಲ್ಕು. ಮಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕುವುದರಲ್ಲಿತ್ತು. ಆ ರಾತ್ರಿ ಊಟದ ಹೊತ್ತಿನಲ್ಲಿ ಯಾರೂ ಹೆಚ್ಚು ಮಾತನಾಡಲಿಲ್ಲ. ವಾರವೊಂದು ಕಾಯೋಣ ಎಂದಷ್ಟೇ ನಿಶ್ಚಯವಾಯಿತು.

ಮಹಾಭಾರತವನ್ನು ಓದಿದವರಿಗೆ ಅದರ ಕೊನೆಯಲ್ಲಿ ಧರ್ಮರಾಯನ ಬೆನ್ನುಹಿಡಿದು ಬರುವ ನಾಯಿಯು ನೆನಪಿರುತ್ತದೆ. ಆದಿಪರ್ವದ ಮೊದಲಲ್ಲಿ ಬರುವ ಇನ್ನೊಂದು ನಾಯಿಯನ್ನು ಹೆಚ್ಚು ಮಂದಿ ಮರೆತಿದ್ದಾರೆ. ಜನಮೇಜಯನು ಸತ್ರಯಾಗ ಮಾಡುತ್ತಿದ್ದಾಗ ದೇವಶುನಿಯಾದ ಸರಮೆಯ ಮರಿಯೊಂದು ಅಲ್ಲಿಗೆ ಬಂತು. ರಾಜನ ಮೂವರು ತಮ್ಮಂದಿರು ಅದನ್ನು ಹೊಡೆದು ಓಡಿಸಿದರು. ಸರಮೆಯು ಬಂದು, ಹವಿಸ್ಸನ್ನು ನೆಕ್ಕದ, ಕಣ್ಣೆತ್ತಿ ನೋಡದ ತನ್ನ ಮಗನನ್ನು ಏಕೆ ಹೊಡೆದಿರೆಂದು ಕೇಳಿದಳು. ರಾಜಸಭೆಯಲ್ಲಿ ಉತ್ತರ ಕೊಡುವವರು ಇರಲಿಲ್ಲ. ಕಾಣದ ಭಯವು ನಿಮ್ಮ ಮೇಲೆ ಬರಲಿ ಎಂದು ಆಕೆ ಶಪಿಸಿ ಹೋದಳು. ಆ ಶಾಪಕ್ಕೆ ಹೆದರಿ ಜನಮೇಜಯನು ಪುರೋಹಿತನನ್ನು ಹುಡುಕಿಕೊಂಡು ಅಲೆಯಬೇಕಾಯಿತು. ನಮ್ಮ ತಾಯಿಯವರು ಮರುದಿನ ಈ ಕಥೆಯನ್ನು, ಯಾರನ್ನೂ ಉದ್ದೇಶಿಸದೆ, ಹೂ ಕಟ್ಟುತ್ತ ಹೇಳಿದರು.

ಆ ವಾರದ ಐದನೆಯ ದಿನ ಅವರೇ ನನ್ನನ್ನು ಕರೆದು, “ನಾನು ಅಡಿಗೆಮನೆಯಲ್ಲಿ ಸೌಟನ್ನು ಪಾತ್ರೆಗೆ ತಟ್ಟಿದರೆ ಅದರ ಬಾಲ ಆಡುತ್ತೆ ಕಣೋ. ಕಿಟಕಿಯಿಂದ ನೋಡಿದೆ” ಎಂದರು. ನಾನು ವೈದ್ಯರಿಗೆ ದೂರವಾಣಿಯಲ್ಲಿ ತಿಳಿಸಿದೆನು. ಅವರು ಕೇಳಿದ್ದು ಒಂದೇ ಪ್ರಶ್ನೆ: “ಮುಟ್ಟಿದ್ದಕ್ಕೆ ಆಡಿತೋ, ಸದ್ದು ಕೇಳಿ ಆಡಿತೋ?” ಮುಟ್ಟಿದಾಗ ಬಾಲವಾಡುವುದು ಹುರಿಯ ಕೆಲಸವಿರಬಹುದು. ಸೌಟಿನ ಸದ್ದನ್ನು ಕೇಳುವುದು ಕಿವಿ, ಊಟವೆಂದು ಅರಿಯುವುದು ಮಿದುಳು. ಅಲ್ಲಿಂದ ಹೊರಟ ಸಂತೋಷವು ಬಾಲದ ತುದಿಗೆ ಮುಟ್ಟಬೇಕಾದರೆ ಪೆಟ್ಟುಬಿದ್ದ ಜಾಗವನ್ನು ದಾಟಿಯೇ ಹೋಗಬೇಕು. ದಾರಿ ಪೂರ್ತಿ ಮುಚ್ಚಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ. ಮತ್ತೆ ಪರೀಕ್ಷೆಗೆ ಒಯ್ದಾಗ ಎಡಗಾಲನ್ನು ಒತ್ತುತ್ತಲೇ ಮರಿಯು ತಿರುಗಿ ವೈದ್ಯರ ತೋಳನ್ನು ಕಚ್ಚಬಂತು. ಅವರು ನಕ್ಕರು.

ಅಲ್ಲಿಂದ ಮುಂದಿನದು ದೀರ್ಘಕಾಲದ ದುಡಿಮೆ. ಹೊಟ್ಟೆಯಡಿ ಟವಲನ್ನು ತೊಟ್ಟಿಲಂತೆ ಹಾಯಿಸಿ, ಎತ್ತಿ ಹಿಡಿದು ನಿಲ್ಲಿಸುವುದು. ಬಟ್ಟೆ ಒಗೆಯುವ ದೊಡ್ಡ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು ತುಂಬಿ, ಎದೆಯ ಕೆಳಗೆ ಕೈಯಿಟ್ಟು ಈಜಾಡಿಸುವುದು. ನೀರಿನಲ್ಲಿ ಮೈಯ ಭಾರ ಕಡಮೆಯಾಗುವುದರಿಂದ, ನೆಲದ ಮೇಲೆ ಆಡದ ಕಾಲು ಅಲ್ಲಿ ಆಡುತ್ತದೆ. ಮೂರನೆಯ ತಿಂಗಳಲ್ಲಿ ಎಡಗಾಲು ಊರಿತು. ತಾನಾಗಿ ಮೂತ್ರ ಹೊಯ್ಯುವುದೂ ಆಗಲೇ ಬಂತು, ಅದು ನಮಗೆ ಕಾಲು ಬಂದದ್ದಕ್ಕಿಂತ ದೊಡ್ಡ ಹಬ್ಬ. ಬಲಗಾಲು ಬರಲಿಲ್ಲ. ಇನ್ನು ಬರುವುದೂ ಇಲ್ಲ.

ಮರಿಯನ್ನು ‘ಕಾಳಿ’ ಎಂದು ಕರೆದವರು ನಮ್ಮ ತಾಯಿಯವರು, ಬಣ್ಣವನ್ನು ನೋಡಿ. ನಮ್ಮ ನಾಡಿನಲ್ಲಿ ಆ ಹೆಸರಿನ ಮತ್ತೊಂದು ನಾಯಿಯು ಸಾವಿರ ವರ್ಷಗಳ ಕೆಳಗೆ ಇತ್ತೆಂಬುದು ಅವರಿಗೆ ತಿಳಿಯದು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನು ಬಲ್ಲವರು ಬಲ್ಲರು. ರಾಷ್ಟ್ರಕೂಟರ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನೊಡನೆ ಕಾದಿದಾಗ ಗಂಗರ ಬೂತುಗನ ಕಡೆ ಶೌರ್ಯ ತೋರಿದ ಮಣಲೇರನೆಂಬ ವೀರನು, ಬೇಡಿದ್ದನ್ನು ಕೊಡುವೆನೆಂದ ಒಡೆಯನಿಂದ ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ಕಾಳಿಯು ದೊಡ್ಡದೊಂದು ಹಂದಿಯೊಡನೆ ಹೋರಾಡಿ, ಎರಡೂ ಒಟ್ಟಿಗೆ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿಯನ್ನು ಬಿಟ್ಟರು. ನಾಯಿಯೂ ಹಂದಿಯೂ ಸೆಣಸುತ್ತಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಮ್ಮ ಕಾಳಿಯು ಇದುವರೆಗೆ ಹೋರಾಡಿರುವುದು ಹಿತ್ತಲಿನ ಹೆಗ್ಗಣದೊಡನೆ ಮಾತ್ರ. ಅದರಲ್ಲಿಯೂ ಜಯ ಯಾರದೆಂದು ಹೇಳಲಾಗದು.

ಒಳಗೆ ಅದು ಮೂರು ಕಾಲಿನಲ್ಲಿ ಕುಪ್ಪಳಿಸುತ್ತದೆ. ಬೀದಿಯ ಡಾಂಬರಿನ ಮೇಲೆ ಬಲಗಾಲಿನ ಮುಂಗೈ ಉಜ್ಜಿ ರಕ್ತ ಬರುತ್ತಿದ್ದುದರಿಂದ, ದೂರ ನಡೆಯುವುದಕ್ಕೆ ಒಂದು ಗಾಡಿ ಬೇಕಾಯಿತು. ಇಂಥವು ಕ್ರಯಕ್ಕೆ ಸಿಕ್ಕುತ್ತವೆ. ಆದರೆ ಬೆಳೆಯುವ ಮರಿಗೆ ಆರು ತಿಂಗಳಿಗೊಂದನ್ನು ಕೊಳ್ಳುವುದು ಸಂಸಾರಸ್ಥರಿಗೆ ಸುಲಭವಲ್ಲ. ನಮ್ಮ ಬೀದಿಯ ಕೊನೆಯಲ್ಲಿ ಸೈಕಲ್ ರಿಪೇರಿ ಮಾಡುವ ಸಾಹೇಬರು, ನೀರಿನ ಕೊಳಾಯಿಗೆ ಹಾಕುವ ಬಿಳಿಯ ಪಿ.ವಿ.ಸಿ. ಪೈಪನ್ನು ಕತ್ತರಿಸಿ, ಮೂಲೆಗೆ ಮೊಣಕೈ ಜೋಡಿಸಿ, ಮಕ್ಕಳ ಸೈಕಲ್ಲಿನ ಎರಡು ಚಕ್ರ ಹಾಕಿ ಒಂದನ್ನು ಮಾಡಿಕೊಟ್ಟರು. ಅಳತೆಗಳು ಮೂರು: ನಿಲ್ಲಿಸಿದಾಗ ನೆಲದಿಂದ ತೊಡೆಯ ಸಂದಿಯವರೆಗಿನ ಎತ್ತರ, ಸೊಂಟದ ಅಗಲ, ಹೆಗಲಿನಿಂದ ಬಾಲದ ಬುಡದವರೆಗಿನ ಉದ್ದ. ಮೊದಲ ಸಲ ಚಕ್ರಗಳು ತೀರ ಹಿಂದಕ್ಕಿದ್ದು ಭಾರವೆಲ್ಲ ಮುಂಗಾಲಿನ ಮೇಲೆ ಬಿತ್ತು. ಮರಿ ಎರಡು ಹೆಜ್ಜೆಗೆ ಕುಸಿಯಿತು. ಸಾಹೇಬರು ಕೆಳಗೆ ಕುಕ್ಕರಿಸಿ ನೋಡಿ, “ಇದು ಎತ್ತಿನ ಗಾಡಿ ಲೆಕ್ಕ ಸ್ವಾಮಿ, ಅಚ್ಚು ನಡುವಿಗೆ ಬರಬೇಕು” ಎಂದು ಚಕ್ರವನ್ನು ಮೂರು ಅಂಗುಲ ಮುಂದಕ್ಕೆ ಸರಿಸಿದರು. ಪೈಪುಗಳನ್ನು ಅಂಟಿನಿಂದ ಕೂಡಿಸದೆ ತಿರುಪಿನಿಂದ ಬಿಗಿದದ್ದು ಅವರ ಬುದ್ಧಿವಂತಿಕೆ. ಮರಿ ಬೆಳೆದಂತೆಲ್ಲ ತುಂಡುಗಳನ್ನು ಮಾತ್ರ ಬದಲಾಯಿಸಿದರಾಯಿತು. ಸೊಂಟವನ್ನು ಹೊರುವ ಕ್ಯಾನ್ವಾಸು ಪಟ್ಟಿಯನ್ನು ಚಪ್ಪಲಿ ಹೊಲೆಯುವವರು ಒಳಗಡೆ ಹತ್ತಿ ತುಂಬಿ ಹೊಲಿದುಕೊಟ್ಟರು. ಗಾಡಿಯಲ್ಲಿ ಕಟ್ಟಿದ ನಾಯಿಯು ಮಲಗಲಾರದು. ಆದುದರಿಂದ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಕಟ್ಟಬಾರದು, ಕಾಯುವವರಿಲ್ಲದೆ ಬಿಡಬಾರದು. ಬಲಗಾಲಿಗೆ ಮಕ್ಕಳ ಕಾಲುಚೀಲ ಹಾಕುತ್ತೇವೆ. ವಾರಕ್ಕೊಂದು ಹರಿಯುತ್ತದೆ, ಬೀದಿಯ ಮಕ್ಕಳು ತಂದುಕೊಡುತ್ತಾರೆ.

ಮನೆಯಲ್ಲಿ ಇಟ್ಟುಕೊಳ್ಳಲಾಗದವರು ಏನು ಮಾಡಬೇಕೆಂದು ವಾಚಕರು ಕೇಳಬಹುದು. ಬೆಂಗಳೂರಿನಲ್ಲಿ ಕ್ರಿಸ್ಟಲ್ ರೋಜರ್ಸ್ ಎಂಬ ಆಂಗ್ಲ ಮಹಿಳೆಯು 1991ರಲ್ಲಿ ಸ್ಥಾಪಿಸಿದ ‘ಕ್ಯೂಪಾ’, ಚೆನ್ನೈಯಲ್ಲಿ 1959ರಲ್ಲಿ ಆರಂಭವಾದ ‘ಬ್ಲೂ ಕ್ರಾಸ್’, ಉದಯಪುರದಲ್ಲಿ 2002ರಿಂದ ನಡೆಯುತ್ತಿರುವ ‘ಅನಿಮಲ್ ಏಡ್’ ಇವೇ ಮೊದಲಾದ ಸಂಸ್ಥೆಗಳು ಇಂಥ ಪ್ರಾಣಿಗಳಿಗಾಗಿ ದುಡಿಯುತ್ತಿವೆ. ಆದರೆ ಪೆಟ್ಟಾದ ಮರಿಯನ್ನು ಅಲ್ಲಿಯ ಬಾಗಿಲಲ್ಲಿ ಬಿಟ್ಟು ಬರುವುದಕ್ಕಿಂತ, ಗುಣವಾಗುವ ತನಕ ಕೆಲವು ವಾರ ಮನೆಯಲ್ಲಿ ನೋಡಿಕೊಳ್ಳುವುದು ಆ ಸಂಸ್ಥೆಗಳಿಗೂ ಮರಿಗೂ ಹಿತ. ನೂರು ನಾಯಿಗಳ ನಡುವೆ ಎಳೆಯ ಮರಿಗೆ ಪಾರ್ವೋ, ಡಿಸ್ಟೆಂಪರ್ ಮೊದಲಾದ ಅಂಟುರೋಗಗಳು ಬೇಗ ತಗುಲುತ್ತವೆ. ಈ ರೋಗಗಳ ಲಸಿಕೆಯನ್ನು ಆರರಿಂದ ಎಂಟು ವಾರಗಳ ವಯಸ್ಸಿನಲ್ಲಿ ಮೊದಲುಮಾಡಿ, ನಾಲ್ಕು ತಿಂಗಳು ತುಂಬುವವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ ಹಾಕಿಸಬೇಕು. ಹುಚ್ಚುನಾಯಿ ರೋಗದ ಲಸಿಕೆ ಮೂರು ತಿಂಗಳಿಗೆ. ಬೀದಿಯ ನಾಯಿಗಳಿಗೆ ಸಂತಾನಹರಣ ಚಿಕಿತ್ಸೆಯನ್ನು ಮಾಡಿಸುವ ನಿಯಮಗಳು 2001ರಲ್ಲಿ ಬಂದು, 2023ರಲ್ಲಿ ಹೊಸದಾಗಿ ರಚಿತವಾದವು. ಕಾಳಿಯ ತಾಯಿಯನ್ನೂ ಆ ವರ್ಷವೇ ಹಿಡಿಸಿ ಚಿಕಿತ್ಸೆ ಮಾಡಿಸಿದೆವು. ಅದು ಮತ್ತೆ ಈಯಲಿಲ್ಲ. ನಮ್ಮ ಬೀದಿಯಲ್ಲಿ ಅನಂತರ ಗಾಡಿಯಡಿ ಮಲಗುವ ಮರಿಗಳೂ ಕಾಣಲಿಲ್ಲ.

ಮಗನು ಬೆಂಗಳೂರಿಗೆ ಹೋದನು. ಬೆಳಿಗ್ಗೆ ಆರು ಗಂಟೆಗೆ ಗಾಡಿ ಕಟ್ಟುವ ಕೆಲಸ ಈಗ ನನ್ನದು. ಚಕ್ರದ ಸದ್ದು ಕೇಳಿ ಹಾಲಿನವನು ದಾರಿ ಬಿಡುತ್ತಾನೆ. ಬೀದಿಯ ಹಿರಿಯ ನಾಯಿಗಳು ಮೊದಮೊದಲು ಗಾಡಿಗೆ ಹೆದರಿ ಬೊಗಳುತ್ತಿದ್ದವು, ಈಗ ಸುಮ್ಮನೆ ಮೂಸಿ ಹೋಗುತ್ತವೆ. ಕಾಳಿಯು ಇಂದಿಗೂ ಹಿತ್ತಲಿನ ಬಾಗಿಲ ಹೊಸ್ತಿಲನ್ನು ದಾಟಿ ಒಳಗೆ ಬರುವುದಿಲ್ಲ. ನಮ್ಮ ತಾಯಿಯವರು ತಮ್ಮ ಕುರ್ಚಿಯನ್ನು ಆ ಹೊಸ್ತಿಲ ಬಳಿಗೆ ಸರಿಸಿಕೊಂಡಿದ್ದಾರೆ.